ಮಹಡಿ ಮೇಲಿನ ಏಳನೇ ಕ್ಲಾಸು

ಬೆಂಗಳೂರಿನ ಶಾಲೆಗಳಲ್ಲಿ ಮಕ್ಕಳ ವಯಸ್ಸು ಏರಿದ ಹಾಗೆ ತರಗತಿಯೂ ಮೆಟ್ಟಿಲು ಹತ್ತುತ್ತದೆ. ಎಲ್‌ಕೆಜಿ, ಯುಕೆಜಿ ನೆಲಮಹಡಿಯಲ್ಲಿ, ಆಫೀಸಿನ ಪಕ್ಕಕ್ಕೆ. ಒಂದರಿಂದ ನಾಲ್ಕು ಅದರ ಮೇಲೆ. ಏಳು, ಎಂಟು ಇನ್ನೂ ಮೇಲೆ. ಲ್ಯಾಬು, ಲೈಬ್ರರಿ, ಕಂಪ್ಯೂಟರ್ ರೂಮು ಎಲ್ಲಕ್ಕಿಂತ ಮೇಲೆ, ನೀರಿನ ಟ್ಯಾಂಕಿನ ಕೆಳಗೆ. ಪುಟ್ಟ ಮಕ್ಕಳು ಹತ್ತಿ ಇಳಿಯಬಾರದು, ದೊಡ್ಡವರಾದರೆ ಕಾಲಲ್ಲಿ ಕಸುವಿರುತ್ತದೆ ಎಂಬ ಲೆಕ್ಕ ಇದು. ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೊರಗುವ ಡುಷೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಇರುವ ಹುಡುಗನಿಗೆ ಈ ಲೆಕ್ಕ ತಲೆಕೆಳಗು. ಒಂದನೇ ತರಗತಿಯಲ್ಲಿ ಓಡಾಡಿಕೊಂಡಿದ್ದವನು ನಾಲ್ಕಕ್ಕೆ ಬರುವಾಗ ಗೋಡೆ ಹಿಡಿದು ನಡೆಯುತ್ತಾನೆ. ಹತ್ತು ಹನ್ನೆರಡು ವರ್ಷದ ಆಸುಪಾಸಿನಲ್ಲಿ ಗಾಲಿಕುರ್ಚಿಗೆ ಬರುತ್ತಾನೆ. ಶಾಲೆ ಅವನನ್ನು ಮೇಲಕ್ಕೆ ಕರೆಯುವ ವರ್ಷವೇ ಅವನ ಕಾಲು ಸೋಲುವ ವರ್ಷ.

ಅಂಗವೈಕಲ್ಯವಿರುವ ಮಗುವಿಗೆ ಶಾಲೆಯಲ್ಲಿ ಏನೇನು ಅನುಕೂಲ ಸಿಗಬೇಕು, ಸಿಗುತ್ತಿದೆಯೇ, ಸಿಗದಿದ್ದರೆ ಯಾರ ಬಾಗಿಲು ತಟ್ಟಬೇಕು ಎಂಬ ಪ್ರಶ್ನೆಯನ್ನು ಬೆಂಗಳೂರಿನ ದಕ್ಷಿಣದ ಗೊಟ್ಟಿಗೆರೆಯಲ್ಲಿ ನಿಂತು ನೋಡುವುದಕ್ಕೆ ಒಂದು ಕಾರಣವಿದೆ. ಇದು ಕೆರೆಯಿದ್ದ ಹಳ್ಳಿ. ಬನ್ನೇರುಘಟ್ಟ ರಸ್ತೆ ಅಗಲವಾಗಿ, ನೈಸ್ ರಸ್ತೆ ಅಡ್ಡ ಹಾದು, 2007ರಲ್ಲಿ ಬೃಹತ್ ಬೆಂಗಳೂರು ಪಾಲಿಕೆ ಹುಟ್ಟಿದ ಮೇಲೆ ಪೂರ್ತಿ ನಗರವಾದ ಜಾಗ. ಊರಿನ ಹಳೇ ಸರ್ಕಾರಿ ಶಾಲೆ, ಲೇಔಟಿನ ಸೈಟುಗಳಲ್ಲಿ ಎದ್ದ ಕಡಿಮೆ ಫೀಸಿನ ಇಂಗ್ಲಿಷ್ ಮೀಡಿಯಂ ಶಾಲೆ, ಹಳದಿ ಬಸ್ಸುಗಳ ಸಾಲಿರುವ ದೊಡ್ಡ ಸಿಬಿಎಸ್‌ಇ ಶಾಲೆ, ಈ ಮೂರು ಬಗೆಯೂ ಅರೆಕೆರೆ, ಹುಳಿಮಾವು, ಕಾಳೇನ ಅಗ್ರಹಾರದ ಸುತ್ತಮುತ್ತ ಕಾಣಸಿಗುತ್ತವೆ. ಮೂರರ ತೊಡಕೂ ಬೇರೆ ಬೇರೆ. ಸೈಟಿನ ಶಾಲೆಗೆ ಜಾಗವಿಲ್ಲ. ಕೆಳಗೆ ಅರ್ಧ ಪಾರ್ಕಿಂಗು, ಆಮೇಲೆ ಏಳೆಂಟು ಮೆಟ್ಟಿಲು, ಅಲ್ಲಿಂದ ‘ನೆಲಮಹಡಿ’. ಸರ್ಕಾರಿ ಶಾಲೆಗೆ ಜಾಗವಿದೆ, ರ‍್ಯಾಂಪೂ ಇರುತ್ತದೆ, ಆದರೆ ಆಯಾ ಇಲ್ಲ. ದೊಡ್ಡ ಶಾಲೆಗೆ ಲಿಫ್ಟ್ ಇದೆ. ಅದರ ಬೀಗದಕೈ ಯಾರ ಹತ್ತಿರ ಎಂಬುದು ಬೇರೆ ವಿಚಾರ.

ಮೊದಲು ಕಾನೂನು ಏನನ್ನುತ್ತದೆ ಎಂದು ನೋಡಿಬಿಡೋಣ, ಯಾಕೆಂದರೆ ಇಲ್ಲಿ ಕೊರತೆ ಕಾನೂನಿನದಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರಲ್ಲಿ ಬಂತು. 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ 16ನೇ ಕಲಮು ಸರ್ಕಾರದ ಹಣ ಪಡೆಯುವ ಶಾಲೆಗಳ ಜೊತೆಗೆ ಸರ್ಕಾರದ ಮಾನ್ಯತೆ ಪಡೆದ ಶಾಲೆಗಳನ್ನೂ ಹೆಸರಿಸುತ್ತದೆ. ‘ನಮ್ಮದು ಪ್ರೈವೇಟು, ನಮಗೆ ಅದೆಲ್ಲ ಬರಲ್ಲ’ ಎನ್ನುವ ಮಾತು ಅಲ್ಲಿಗೇ ಮುಗಿಯಬೇಕು. ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಕಟ್ಟಡವನ್ನೂ ಆವರಣವನ್ನೂ ಓಡಾಡುವಂತೆ ಮಾಡಬೇಕು, ಆ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು, ವಾಹನದ ವ್ಯವಸ್ಥೆ ಮಾಡಬೇಕು. ಹೆಚ್ಚಿನ ಆಸರೆ ಬೇಕಾದ ಮಗುವಾದರೆ ಜೊತೆಗೆ ಬರುವವರಿಗೂ ವಾಹನದಲ್ಲಿ ಜಾಗ ಕೊಡಬೇಕು. ಇಷ್ಟೂ ಒಂದೇ ಕಲಮಿನಲ್ಲಿದೆ. 31ನೇ ಕಲಮು ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ, 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತನಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕು ಕೊಡುತ್ತದೆ. ಆಯ್ಕೆ ಮಗುವಿನದು. ‘ಸ್ಪೆಷಲ್ ಸ್ಕೂಲ್‌ಗೆ ಹಾಕ್ಬಿಡಿ ಮೇಡಂ, ಅವರಿಗೆ ಟ್ರೈನಿಂಗ್ ಇರುತ್ತೆ’ ಎಂದು ಅಡ್ಮಿಷನ್ ಕೌಂಟರಿನಲ್ಲಿ ಕೂತವರು ತೀರ್ಮಾನಿಸುವಂತಿಲ್ಲ.

ಶೇ 40ರ ಈ ಗೆರೆ ಬಹಳ ಜನರನ್ನು ದಾರಿ ತಪ್ಪಿಸಿದೆ. ಉಚಿತ ಶಿಕ್ಷಣ, ಮೀಸಲಾತಿಯಂಥವಕ್ಕೆ ಅದು ಬೇಕು. 16ನೇ ಕಲಮಿನ ಅನುಕೂಲಗಳಿಗೆ ಬೇಕಿಲ್ಲ. ಅಲ್ಲಿರುವುದು ‘ಅಂಗವೈಕಲ್ಯವಿರುವ ಮಕ್ಕಳು’ ಎಂದಷ್ಟೇ. ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಫೆಬ್ರುವರಿಯಲ್ಲಿ ಇದನ್ನು ಬಿಡಿಸಿ ಹೇಳಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ ಶೇ 40 ಇಲ್ಲವೆಂದು ಬರಹಗಾರರನ್ನು ನಿರಾಕರಿಸುವಂತಿಲ್ಲ, ಹೊಂದಾಣಿಕೆ ಮಾಡಿಕೊಡದಿರುವುದೇ ತಾರತಮ್ಯ ಎಂಬುದು ಆ ತೀರ್ಪಿನ ತಿರುಳು. ಹಾಗಾಗಿ ಶೇ 30 ಎಂದು ಬರೆದ ಸರ್ಟಿಫಿಕೇಟ್ ಹಿಡಿದ, ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ತಾಯಿ ಶಾಲೆಯೆದುರು ಕುಗ್ಗಬೇಕಾದ್ದಿಲ್ಲ. ಹಾಗಿದ್ದರೂ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಮಾಡಿಸಿಟ್ಟುಕೊಳ್ಳುವುದು ವಾಸಿ. ಆನ್‌ಲೈನಿನಲ್ಲಿ ಅರ್ಜಿ, ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ. ಈ ಕಡೆಯವರಿಗೆ ಜಯನಗರದ ಜನರಲ್ ಆಸ್ಪತ್ರೆ, ಸಂಜಯ್ ಗಾಂಧಿ ಮೂಳೆ ಆಸ್ಪತ್ರೆ ಎರಡೂ ಪರಿಚಿತ ಹೆಸರುಗಳೇ.

ಇಷ್ಟಿದ್ದೂ ಮೂರನೇ ಕ್ಲಾಸಿನ ಮಗುವನ್ನು ಅಮ್ಮ ಸೊಂಟದ ಮೇಲೆ ಹೊತ್ತು ಮೆಟ್ಟಿಲು ಹತ್ತುವುದು ನಿಂತಿಲ್ಲ.

ನನ್ನ ಅನಿಸಿಕೆ ಇಷ್ಟು: ನಮ್ಮ ಶಾಲೆಗಳಲ್ಲಿ ಅನುಕೂಲ ಎಂಬುದು ಯಾರೋ ಒಬ್ಬರ ಒಳ್ಳೆಯತನದ ಮೇಲೆ ನಡೆಯುತ್ತಿದೆ. ಒಬ್ಬ ಒಳ್ಳೆ ಹೆಡ್ ಮಿಸ್ ಇರುತ್ತಾರೆ, ಅವರು ತರಗತಿ ಕೆಳಗೆ ಹಾಕಿಕೊಡುತ್ತಾರೆ. ಒಬ್ಬ ಆಯಮ್ಮ ಇರುತ್ತಾಳೆ, ತನ್ನ ಕೆಲಸವಲ್ಲದಿದ್ದರೂ ಮಗುವನ್ನು ಟಾಯ್ಲೆಟ್ಟಿಗೆ ಕರೆದೊಯ್ಯುತ್ತಾಳೆ. ವ್ಯಾನಿನ ಡ್ರೈವರ್ ಅಣ್ಣ ಎತ್ತಿ ಕೂರಿಸುತ್ತಾನೆ. ಹೆಡ್ ಮಿಸ್‌ಗೆ ವರ್ಗಾವಣೆಯಾದ ದಿನ, ಆಯಮ್ಮ ಊರಿಗೆ ಹೋದ ದಿನ, ಡ್ರೈವರ್ ಬೇರೆ ರೂಟಿಗೆ ಬದಲಾದ ದಿನ ಎಲ್ಲವೂ ಮೊದಲಿನಿಂದ. ಎಲ್ಲಿಯೂ ಒಂದು ಸಾಲು ಬರೆದಿಟ್ಟಿರುವುದಿಲ್ಲ. ಪಡೆದುಕೊಳ್ಳುವವರಿಗೂ ಅದು ಉಪಕಾರದಂತೆ ಕಾಣುವುದರಿಂದ ಕೇಳಲು ಸಂಕೋಚ, ಕೇಳಿದ ಮೇಲೆ ಋಣ. ಮಗು ಒಂದು ಪಾಠದಲ್ಲಿ ಹಿಂದೆ ಬಿದ್ದರೂ ‘ಅಷ್ಟೆಲ್ಲ ಮಾಡಿಕೊಟ್ಟಿದ್ದೇವಲ್ಲ’ ಎನ್ನುವ ಮಾತು ತಯಾರಿರುತ್ತದೆ.

ಶಾಲೆಗೆ ಏನೇನು ಬೇಕೆಂದು ಕೇಳಿದರೆ ಎಲ್ಲರೂ ರ‍್ಯಾಂಪ್ ಎನ್ನುತ್ತಾರೆ. ಅದನ್ನೇ ಮೊದಲು ಅಳೆಯೋಣ. ಕೇಂದ್ರ ನಗರಾಭಿವೃದ್ಧಿ ಇಲಾಖೆಯ ಮಾರ್ಗಸೂಚಿಯ ಪ್ರಕಾರ ಇಳಿಜಾರಿನ ಪ್ರಮಾಣ ಒಂದಕ್ಕೆ ಹನ್ನೆರಡು: ಒಂದಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದ. ಆರು ಇಂಚಿನ ಒಂದು ಮೆಟ್ಟಿಲಿಗೆ ಆರಡಿ. ಎರಡಡಿ ಎತ್ತರದ ಜಗಲಿಯಿರುವ ಹಳೇ ಸರ್ಕಾರಿ ಶಾಲೆಗೆ ಇಪ್ಪತ್ತನಾಲ್ಕು ಅಡಿ. ನಮ್ಮಲ್ಲಿ ಎಷ್ಟೋ ಕಡೆ ಎರಡಡಿ ಎತ್ತರಕ್ಕೆ ಎಂಟಡಿ ಉದ್ದದ ಸಿಮೆಂಟಿನ ಜಾರುಬಂಡೆ ಕಟ್ಟಿ ಹಳದಿ ಬಣ್ಣ ಬಳಿದಿದ್ದಾರೆ. ಗಾಲಿಕುರ್ಚಿಯ ಮಗು ಅದನ್ನು ಒಬ್ಬಂಟಿಯಾಗಿ ಹತ್ತಲಾರದು. ಇಳಿಯುವಾಗ ಕುರ್ಚಿ ಕೈಮೀರಿ ಓಡುತ್ತದೆ. ಶಾಲೆಗಳಿಂದ ಪ್ರತಿ ವರ್ಷ ಮಾಹಿತಿ ತುಂಬಿಸಿಕೊಳ್ಳುವ ಯುಡೈಸ್‌ನಲ್ಲಿ ರ‍್ಯಾಂಪ್ ಇದೆಯೇ, ಹಿಡಿಕಂಬಿ ಇದೆಯೇ ಎಂಬ ಪ್ರಶ್ನೆಗೆ ಹೌದು, ಇಲ್ಲ ಎಂದಷ್ಟೇ ಉತ್ತರ. ಹಾಗೆ ಲೆಕ್ಕ ಹಾಕಿದರೂ ಹಿಡಿಕಂಬಿಯಿರುವ ರ‍್ಯಾಂಪ್ ಇರುವುದು ದೇಶದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಶಾಲೆಗಳಲ್ಲಿ. ಎಷ್ಟು ಕಡಿದಾಗಿದೆ, ರ‍್ಯಾಂಪ್ ಹತ್ತಿದ ಮೇಲೆ ತರಗತಿಯ ಹೊಸ್ತಿಲು ಎಷ್ಟು ಎತ್ತರ, ಬಾಗಿಲು 900 ಮಿಲಿಮೀಟರ್ ಅಗಲವಿದೆಯೇ ಎಂಬುದೆಲ್ಲ ಆ ಹೌದು-ಇಲ್ಲದಲ್ಲಿ ಕಾಣುವುದಿಲ್ಲ.

ಇದೇ ಲೆಕ್ಕವನ್ನು ಮೇಲಕ್ಕೆ ಹಾಕಿ ನೋಡಿ. ಒಂದು ಮಹಡಿ ಹನ್ನೊಂದು ಅಡಿ ಎಂದರೆ ನೂರಮೂವತ್ತೆರಡು ಅಡಿ ಉದ್ದದ ರ‍್ಯಾಂಪು, ನಡುನಡುವೆ ನಿಂತು ಸುಧಾರಿಸಿಕೊಳ್ಳುವ ಸಮತಟ್ಟು ಬೇರೆ. 40×60ರ ಸೈಟಿನಲ್ಲಿ ಅದು ಆಗದ ಮಾತು. ಲಿಫ್ಟಿಗೆ ಲಕ್ಷಗಟ್ಟಲೆ ಹಣ ಬೇಕು. ಬಾಡಿಗೆ ಕಟ್ಟಡವಾದರೆ ಮಾಲೀಕರ ಒಪ್ಪಿಗೆಯೂ ಬೇಕು. ಸಣ್ಣ ಶಾಲೆಯವರು ‘ಆಗಲ್ಲ’ ಎಂದಾಗ ಅದರಲ್ಲಿ ನಿಜವಿಲ್ಲದೆ ಇಲ್ಲ. ಕಾನೂನು ಕೂಡ ಅತಿಯಾದ ಹೊರೆ ಬೀಳದ ಹೊಂದಾಣಿಕೆಯನ್ನೇ ಕೇಳುತ್ತದೆ. ಆದರೆ ಲಿಫ್ಟಿಗೆ ಒಂದು ಬದಲಿ ಇದೆ, ಅದಕ್ಕೆ ಕಾಸೂ ಬೇಡ: ಆ ಮಗುವಿರುವ ತರಗತಿಯನ್ನೇ ನೆಲಮಹಡಿಗೆ ತರುವುದು. ಏಳನೇ ‘ಬಿ’ ಸೆಕ್ಷನ್ ಕೆಳಗೆ, ಯುಕೆಜಿಯ ಒಂದು ಸೆಕ್ಷನ್ ಮೇಲೆ. ಇದಕ್ಕೆ ಬೇಕಾದದ್ದು ಟೈಮ್‌ಟೇಬಲ್ ಹಾಕುವವರ ಮನಸ್ಸು ಒಂದೇ. ವಿಚಿತ್ರವೆಂದರೆ ಅತಿ ಅಗ್ಗದ ಈ ಅನುಕೂಲಕ್ಕೇ ಅತಿ ಹೆಚ್ಚು ಪ್ರತಿರೋಧ. ‘ಒಬ್ಬನಿಗಾಗಿ ನಲವತ್ತು ಮಕ್ಕಳನ್ನ ಶಿಫ್ಟ್ ಮಾಡೋಕಾಗುತ್ತಾ?’ ಎಂಬ ಪ್ರಶ್ನೆ ಬರುತ್ತದೆ. ಫುಟ್‌ಬಾಲ್ ಆಡುವಾಗ ಕಾಲು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡ ಹುಡುಗನಿಗೆ ಇದೇ ಶಾಲೆಗಳು ಆರು ವಾರ ಕೆಳಗೆ ಕೂರಿಸಿ, ಪರೀಕ್ಷೆಯನ್ನೂ ಆಫೀಸ್ ರೂಮಿನಲ್ಲೇ ಬರೆಸುತ್ತವೆ. ವಾಸಿಯಾಗುವ ಕಾಲಿಗೆ ಸಿಗುವ ಮರ್ಯಾದೆ ವಾಸಿಯಾಗದ ಕಾಲಿಗೆ ಸಿಗುವುದಿಲ್ಲ.

ನಮ್ಮ ಶಾಲೆಗಳು ಹಿಂದಿನ ಕಾಲದ ಒಂದು ಚಿತ್ರ ಇಟ್ಟುಕೊಂಡೇ ಯೋಚಿಸುತ್ತಿವೆ ಎಂದೂ ನನಗೆ ತೋರುತ್ತದೆ. ನಮ್ಮ ಹಿಂದಿನ ತಲೆಮಾರಿಗೆ ಅಂಗವೈಕಲ್ಯ ಅಂದರೆ ಪೋಲಿಯೊ. ಒಮ್ಮೆ ಬಂದು ಕಾಲು ಸೊರಗಿಸಿ ಹೋದರೆ ಆಮೇಲೆ ಕ್ಯಾಲಿಪರ್, ಊರುಗೋಲು, ಹಟ. ಆ ತಲೆಮಾರಿನಿಂದ ದೊಡ್ಡವರು ಬಂದರು. ಪೋಲಿಯೊ ತಗುಲಿದ ಎನ್.ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆ ಎಪಿಡಿ ಕಟ್ಟಿದರು. ಲಿಂಗರಾಜಪುರದಲ್ಲಿ ಅಂಗವಿಕಲ ಮಕ್ಕಳೂ ಉಳಿದ ಮಕ್ಕಳೂ ಜೊತೆಯಲ್ಲಿ ಓದುವ ಶ್ರದ್ಧಾಂಜಲಿ ಶಾಲೆ ಅವರ ಸಂಸ್ಥೆಯದೇ. ಕ್ರೀಡಾಪಟು ಮಾಲತಿ ಹೊಳ್ಳ ಚಿಕಿತ್ಸೆಗೂ ಓದಿಗೂ ಬಾಲ್ಯದ ಹದಿನೈದು ವರ್ಷ ಮನೆ ಬಿಟ್ಟು ಚೆನ್ನೈಯಲ್ಲಿ ಇರಬೇಕಾಯಿತು. ಗಾಲಿಕುರ್ಚಿಯಲ್ಲೇ ಪದಕಗಳ ರಾಶಿ ಗೆದ್ದು 2001ರಲ್ಲಿ ಪದ್ಮಶ್ರೀ ಪಡೆದರು. ಕೈಕಾಲು ಎರಡನ್ನೂ ಪೋಲಿಯೊಗೆ ಕಳೆದುಕೊಂಡ ಮಂಡ್ಯ ಕಡೆಯ ಕೆ.ಎಸ್. ರಾಜಣ್ಣ ರಾಜ್ಯದ ಅಂಗವಿಕಲರ ಆಯುಕ್ತರಾದರು, 2024ರಲ್ಲಿ ಅವರಿಗೂ ಪದ್ಮಶ್ರೀ ಬಂತು. ಇವರ ಸಾಧನೆಯನ್ನು ಶಾಲೆಗಳು ಅಂಗವಿಕಲರ ದಿನವಾದ ಡಿಸೆಂಬರ್ 3ರಂದು ಭಾಷಣದಲ್ಲಿ ಹೇಳುತ್ತವೆ. ಆದರೆ ಅದನ್ನೇ ಅಳತೆಗೋಲು ಮಾಡಿ ‘ಅವರು ತೆವಳಿಕೊಂಡೇ ಓದಲಿಲ್ಲವೇ’ ಎಂದುಬಿಟ್ಟರೆ ಶಾಲೆಗೆ ಮಾಡಲು ಏನೂ ಉಳಿಯುವುದಿಲ್ಲ. 2014ರಲ್ಲಿ ಭಾರತ ಪೋಲಿಯೊಮುಕ್ತ ಎಂದು ಘೋಷಣೆಯಾಯಿತು. ಇಂದು ಶಾಲೆಗೆ ಬರುತ್ತಿರುವವರು ಬೇರೆ ಮಕ್ಕಳು: ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಸ್ಪೈನಾ ಬೈಫಿಡಾ, ಮುಟ್ಟಿದರೆ ಮೂಳೆ ಮುರಿಯುವ ಕಾಯಿಲೆ. ಒಬ್ಬನಿಗೆ ಕಾಲಿಗಿಂತ ಕೈ ತೊಂದರೆ, ಅಕ್ಷರ ಬರೆಯಲು ಮೂರು ಪಟ್ಟು ಸಮಯ. ಒಬ್ಬಳಿಗೆ ಬೆನ್ನು ನೇರ ನಿಲ್ಲದು, ಬೆಂಚಿನ ಮೇಲೆ ಅರ್ಧ ಗಂಟೆ ಕೂತರೆ ಜಾರುತ್ತಾಳೆ. ಹಟದಿಂದ ಗೆಲ್ಲುವ ವಿಷಯ ಇದಲ್ಲ, ಪ್ರತಿ ವರ್ಷ ಕೂತು ಮಾತಾಡಿ ಹೊಂದಿಸಿಕೊಳ್ಳಬೇಕಾದ್ದು.

ರ‍್ಯಾಂಪಿಗಿಂತ ಹೆಚ್ಚು ಮಕ್ಕಳನ್ನು ಶಾಲೆ ಬಿಡಿಸುವುದು ಶೌಚಾಲಯ. ಇದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಾಲಿಕುರ್ಚಿ ಒಳಗೆ ಹೋಗಿ ತಿರುಗುವಷ್ಟು ಜಾಗ, ಹೊರಕ್ಕೆ ತೆರೆಯುವ ಅಗಲ ಬಾಗಿಲು, ಕಮೋಡು, ಎರಡೂ ಕಡೆ ಗಟ್ಟಿ ಹಿಡಿಕಂಬಿ, ಕೂತಲ್ಲೇ ಕೈಗೆ ಸಿಗುವ ನಲ್ಲಿ. ಬೇಕಾದದ್ದು ಇಷ್ಟೇ. ಅನೇಕ ಶಾಲೆಗಳಲ್ಲಿ ಇಂಥ ಕೋಣೆ ಕಟ್ಟಿರುತ್ತಾರೆ. ಒಳಗೆ ಪೊರಕೆ, ಫಿನಾಯಿಲು, ಮುರಿದ ಬೆಂಚು. ಇಲ್ಲವಾದಲ್ಲಿ ಮಗು ತನ್ನ ಉಪಾಯ ತಾನೇ ಹುಡುಕಿಕೊಳ್ಳುತ್ತದೆ: ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಹೆಣ್ಣುಮಕ್ಕಳ ಮಟ್ಟಿಗೆ ಮುಟ್ಟು ಶುರುವಾದ ವರ್ಷ ಶಾಲೆಯೂ ನಿಲ್ಲುವ ಸಂಭವ ಹೆಚ್ಚು. ಸ್ಪೈನಾ ಬೈಫಿಡಾ ಇರುವ ಮಕ್ಕಳಿಗೆ ಮೂರು ನಾಲ್ಕು ಗಂಟೆಗೊಮ್ಮೆ ಸಣ್ಣ ನಳಿಕೆ ಹಾಕಿ ಮೂತ್ರ ತೆಗೆಯಬೇಕಾಗುತ್ತದೆ. ಹತ್ತು ನಿಮಿಷದ ಕೆಲಸ, ಶುಚಿಯಾದ, ಚಿಲಕವಿರುವ ಒಂದು ಕೋಣೆ ಸಾಕು. ಸ್ವಲ್ಪ ದೊಡ್ಡವರಾದ ಮೇಲೆ ತಾವೇ ಮಾಡಿಕೊಳ್ಳುವುದನ್ನು ಕಲಿಯುತ್ತಾರೆ. ಆದರೆ ನಳಿಕೆ ಎಂಬ ಮಾತು ಕೇಳಿದ ಕೂಡಲೇ ಶಾಲೆ ಬೆಚ್ಚುತ್ತದೆ. ‘ಅದೆಲ್ಲ ಮೆಡಿಕಲ್, ನಮ್ಮಿಂದಾಗಲ್ಲ, ನೀವೇ ಬಂದು ಮಾಡಿ.’ ಹಾಗೆ ಅಮ್ಮ ಹನ್ನೊಂದು ಗಂಟೆಗೆ ಒಮ್ಮೆ, ಒಂದೂವರೆಗೆ ಒಮ್ಮೆ ಶಾಲೆಗೆ ಬರುತ್ತಾಳೆ. ಮನೆ ದೂರವಿದ್ದರೆ ಗೇಟಿನ ಹೊರಗೆ ಮರದ ಕೆಳಗೇ ದಿನ ಕಳೆಯುತ್ತಾಳೆ. ಅವಳು ಬಿಟ್ಟ ಕೆಲಸ, ಅವಳು ತರಬಹುದಾಗಿದ್ದ ಸಂಬಳ ಯಾವ ಲೆಕ್ಕಪತ್ರದಲ್ಲೂ ಬರುವುದಿಲ್ಲ. ಶಾಲೆಯ ‘ಹೊರೆ’ಯ ಬಗ್ಗೆ ವಾದ ಮಾಡುವವರು ಆ ಹೊರೆ ಈಗ ಯಾರ ಹೆಗಲ ಮೇಲಿದೆ ಎಂದು ಒಮ್ಮೆ ಗೇಟಿನ ಹೊರಗೆ ನೋಡಿದರೆ ಒಳ್ಳೆಯದು.

ಮಿಕ್ಕ ಅನುಕೂಲಗಳು ಚಿಕ್ಕವು. ಗಾಲಿಕುರ್ಚಿ ಒಳಗೆ ತೂರುವಷ್ಟು ಎತ್ತರದ ಬಿಡಿ ಮೇಜು. ಬೆನ್ನಿಗೆ ಆಸರೆಯಿರುವ ಕುರ್ಚಿ. ಇಂಥದ್ದನ್ನು ಅಳತೆಗೆ ಮಾಡಿಕೊಡುವ, 1994ರಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾ ಸಂಸ್ಥೆ ಜೆ.ಪಿ. ನಗರದಲ್ಲೇ ಇದೆ, ಗೊಟ್ಟಿಗೆರೆಯಿಂದ ದೂರವೇನಲ್ಲ. ಪುಸ್ತಕಗಳ ಒಂದು ಜೊತೆ ಮನೆಯಲ್ಲಿ, ಒಂದು ಜೊತೆ ಶಾಲೆಯಲ್ಲಿ. ಬೋರ್ಡಿನ ಮೇಲಿನದನ್ನು ಫೋಟೊ ತೆಗೆದುಕೊಳ್ಳಲು ಅನುಮತಿ. ಆಟದ ಪೀರಿಯಡ್‌ನಲ್ಲಿ ‘ನೀನು ಕ್ಲಾಸಲ್ಲೇ ಕೂತಿರು, ಬ್ಯಾಗ್ ನೋಡ್ಕೊ’ ಎನ್ನದಿರುವುದು. ಪ್ರವಾಸಕ್ಕೆ ಹೋಗುವ ಬಸ್ಸು ಆ ಮಗುವೂ ಹತ್ತುವಂತಿರುವುದು. ಬೆಂಕಿ ಬಿದ್ದರೆ ಆ ಮಗುವನ್ನು ಕೆಳಗೆ ತರುವವರು ಯಾರು ಎಂದು ಮೊದಲೇ ಗೊತ್ತು ಮಾಡಿರುವುದು. ಕೊನೆಯದನ್ನು ನಮ್ಮ ಶಾಲೆಗಳು ಕೇಳಿಯೂ ಇರುವುದಿಲ್ಲ. ಅಮೆರಿಕದಲ್ಲಿ ಅಂಗವಿಕಲರ ಹೋರಾಟದ ಮುಂಚೂಣಿಯಲ್ಲಿದ್ದ ಜೂಡಿತ್ ಹ್ಯೂಮನ್ ಅವರನ್ನು ಬಾಲ್ಯದಲ್ಲಿ ಬ್ರೂಕ್ಲಿನ್‌ನ ಶಾಲೆ ಸೇರಿಸಿಕೊಳ್ಳದಿದ್ದುದಕ್ಕೆ ಕೊಟ್ಟ ಕಾರಣ ಇದೇ: ಗಾಲಿಕುರ್ಚಿ ಇದ್ದರೆ ಬೆಂಕಿ ಬಿದ್ದಾಗ ಅಪಾಯ. ಅಪಾಯಕ್ಕೆ ಯೋಜನೆ ಮಾಡುವ ಬದಲು ಮಗುವನ್ನೇ ಅಪಾಯ ಎಂದ ಶಾಲೆ ಅದು. ನಮ್ಮಲ್ಲಿ ಅದರ ರೂಪ ‘ಬಿದ್ದರೆ ನಾವು ಜವಾಬ್ದಾರರಲ್ಲ ಅಂತ ಬರ್ಕೊಡಿ’ ಎಂಬ ಮುಚ್ಚಳಿಕೆ. ಬರೆದುಕೊಡದಿದ್ದರೆ ಸೀಟಿಲ್ಲ ಎಂದಾಗ ಅಪ್ಪ ಅಮ್ಮ ಸಹಿ ಹಾಕುತ್ತಾರೆ. ಕಾಯಿದೆ ಹೊರಿಸಿದ ಕರ್ತವ್ಯ ಇಂಥ ಚೀಟಿಯಿಂದ ಕರಗಿಹೋಗುವುದಿಲ್ಲ ಎಂಬುದು ಶಾಲೆಗೂ ಪೋಷಕರಿಗೂ ಗೊತ್ತಿದ್ದರೆ ವಾಸಿ.

ಅದೇ ಅಮೆರಿಕದಲ್ಲಿ ಈಗ ಪರಿಸ್ಥಿತಿ ಬೇರೆ. 1973ರ ಪುನರ್ವಸತಿ ಕಾಯಿದೆಯ 504ನೇ ಕಲಮಿನಡಿ ಮಗುವಿಗೆ ಏನೇನು ಅನುಕೂಲ ಎಂದು ಶಾಲೆ ಬರೆದಿಡುತ್ತದೆ. ಕಲಿಕೆಯಲ್ಲೇ ವಿಶೇಷ ನೆರವು ಬೇಕಾದರೆ ಆ ಮಗುವಿಗೇ ಪ್ರತ್ಯೇಕ ಶಿಕ್ಷಣ ಯೋಜನೆ, ವರ್ಷಕ್ಕೊಮ್ಮೆಯಾದರೂ ತಂದೆತಾಯಿ ಜೊತೆ ಕೂತು ಪರಿಶೀಲನೆ. ಅಲ್ಲಿದ್ದು ವಾಪಸು ಬಂದು ಜೆ.ಪಿ. ನಗರ, ಬನ್ನೇರುಘಟ್ಟ ರಸ್ತೆಯ ಅಪಾರ್ಟ್‌ಮೆಂಟುಗಳಲ್ಲಿ ನೆಲೆಸಿದ ಕುಟುಂಬಗಳು ಆ ಫೈಲನ್ನು ಹಿಡಿದು ಇಲ್ಲಿನ ಶಾಲೆಗೆ ಹೋದರೆ ಅದನ್ನು ಇಡಲು ಇಲ್ಲಿ ಜಾಗವೇ ಇರುವುದಿಲ್ಲ. ನಮ್ಮ ಕಾಯಿದೆ ಹಕ್ಕನ್ನು ಕೊಟ್ಟಿದೆ, ಆ ಹಕ್ಕು ಕೂರುವ ಕಾಗದವನ್ನು ಕೊಟ್ಟಿಲ್ಲ. ಹೀಗಾಗಿ ಕಾಗದವನ್ನು ನಾವೇ ಹುಟ್ಟಿಸಬೇಕಾಗಿದೆ.

ಅದು ಕಷ್ಟವೇನಲ್ಲ. ಒಂದು ಪುಟದ ಪತ್ರ, ಮುಖ್ಯ ಶಿಕ್ಷಕರ ಹೆಸರಿಗೆ. ಮಗುವಿನ ತೊಂದರೆ ಎರಡು ಸಾಲಿನಲ್ಲಿ, ರೋಗದ ಚರಿತ್ರೆ ಬೇಡ. ಅವನು ತಾನಾಗಿ ಏನೇನು ಮಾಡಬಲ್ಲ, ಯಾವುದಕ್ಕೆ ನೆರವು ಬೇಕು. ಆಮೇಲೆ ಕೇಳಿಕೆಗಳು, ಒಂದೊಂದೂ ಸ್ಪಷ್ಟವಾಗಿ: ಮುಂದಿನ ವರ್ಷ ತರಗತಿ ನೆಲಮಹಡಿಯಲ್ಲಿ, ಶೌಚಾಲಯಕ್ಕೆ ನೆರವಾಗುವವರ ಹೆಸರು, ಬಸ್ಸಿನಲ್ಲಿ ಮುಂದಿನ ಸೀಟು. ‘ಸೂಕ್ತ ಸೌಲಭ್ಯ ಕಲ್ಪಿಸಿ’ ಎಂದು ಬರೆದರೆ ಸೂಕ್ತ ಉತ್ತರವೂ ಬರುವುದಿಲ್ಲ. 16ನೇ ಕಲಮನ್ನು ಒಂದು ಸಾಲಿನಲ್ಲಿ ನೆನಪಿಸಿ, ಫಿಸಿಯೊಥೆರಪಿಸ್ಟರ ಚೀಟಿಯನ್ನೂ ಯುಡಿಐಡಿಯನ್ನೂ ಲಗತ್ತಿಸಿ, ಲಿಖಿತ ಉತ್ತರ ಕೋರಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಬೇಕು. ಸಮಯವೂ ಮುಖ್ಯ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಕೇಳಿದರೆ ‘ರೂಮೆಲ್ಲಾ ಅಲಾಟ್ ಆಗೋಯ್ತು’ ಎನ್ನುತ್ತಾರೆ. ಮಾರ್ಚಿನಲ್ಲಿ, ಸೆಕ್ಷನ್ ಹಂಚುವ ಮೊದಲು ಪತ್ರ ಹೋಗಿರಬೇಕು. ಜಗಳದ ಧಾಟಿ ಬೇಡ. ಒಳ್ಳೆಯ ಹೆಡ್ ಮಿಸ್‌ಗೂ ಈ ಪತ್ರ ಉಪಯೋಗಕ್ಕೆ ಬರುತ್ತದೆ. ಆಡಳಿತ ಮಂಡಳಿಯ ಮುಂದೆ ಅವರು ತೋರಿಸಲು ಒಂದು ಆಧಾರ ಸಿಗುತ್ತದೆ, ಅವರ ನಂತರ ಬಂದವರಿಗೆ ಫೈಲು ಸಿಗುತ್ತದೆ.

ಸರ್ಕಾರಿ ಶಾಲೆಯಾದರೆ ದಾರಿ ಬೇರೆ. ಸಮಗ್ರ ಶಿಕ್ಷಾ ಯೋಜನೆಯಡಿ ವಿಶೇಷ ಅಗತ್ಯದ ಪ್ರತಿ ಮಗುವಿನ ಲೆಕ್ಕಕ್ಕೆ ವರ್ಷಕ್ಕೆ 3,500 ರೂಪಾಯಿಯ ಅವಕಾಶವಿದೆ. ಸಾಧನ ಸಲಕರಣೆ, ಓಡಾಟದ ಭತ್ಯೆ, ಜೊತೆಗೆ ಬರುವವರ ಭತ್ಯೆ ಇದರಲ್ಲಿ ಬರುತ್ತವೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200ರಂತೆ ಹತ್ತು ತಿಂಗಳು ಶಿಷ್ಯವೇತನ. ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರಿದ್ದಾರೆ. ಆದರೆ ಇದೆಲ್ಲ ಹರಿದು ಬರುವುದು ರಾಜ್ಯದ ವಿದ್ಯಾರ್ಥಿ ದತ್ತಾಂಶ ವ್ಯವಸ್ಥೆಯಾದ ಎಸ್‌ಎಟಿಎಸ್ ಮತ್ತು ಯುಡೈಸ್‌ನಲ್ಲಿ ಮಗುವಿನ ಹೆಸರಿನ ಮುಂದೆ ವೈಕಲ್ಯದ ಕಾಲಂ ತುಂಬಿದ್ದರೆ ಮಾತ್ರ. ‘ಊರಿಗೆಲ್ಲ ಯಾಕೆ ಗೊತ್ತಾಗಬೇಕು’ ಎಂದು ಮನೆಯವರು ಮುಚ್ಚಿಟ್ಟರೆ, ಅಥವಾ ತುಂಬುವವರು ಅವಸರದಲ್ಲಿ ಬಿಟ್ಟರೆ, ಇಲಾಖೆಯ ಕಣ್ಣಿಗೆ ಆ ಮಗು ಇಲ್ಲ. ಶಾಲಾಭಿವೃದ್ಧಿ ಸಮಿತಿಯಲ್ಲಿ ಬಹುಪಾಲು ಪೋಷಕರೇ ಇರುವುದರಿಂದ ಅದರ ನಡಾವಳಿ ಪುಸ್ತಕದಲ್ಲಿ ಶೌಚಾಲಯದ ಬೇಡಿಕೆ ಬರೆಸುವುದೂ ಕೆಲಸಕ್ಕೆ ಬರುತ್ತದೆ. ವಿಶೇಷ ಶಿಕ್ಷಕರ ಕೊರತೆ ಮಾತ್ರ ಶಾಲೆಯ ಮಟ್ಟದಲ್ಲಿ ಬಗೆಹರಿಯುವಂಥದ್ದಲ್ಲ. ಎಷ್ಟು ಮಕ್ಕಳಿಗೆ ಒಬ್ಬರು ಇರಬೇಕೆಂದು ಗೊತ್ತುಪಡಿಸುವಂತೆ ಸುಪ್ರೀಂ ಕೋರ್ಟು ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರಲ್ಲೇ ಕೇಂದ್ರಕ್ಕೆ ಹೇಳಿತು; ಪ್ರಾಥಮಿಕದಲ್ಲಿ ಹತ್ತು ಮಕ್ಕಳಿಗೆ ಒಬ್ಬರು, ಮುಂದಿನ ಹಂತಗಳಲ್ಲಿ ಹದಿನೈದಕ್ಕೆ ಒಬ್ಬರು ಎಂದು ಕೇಂದ್ರ ಆಮೇಲೆ ನಿಗದಿ ಮಾಡಿತು.

ಮನೆಯಲ್ಲೇ ಕಲಿಸುವ ವಿಚಾರದಲ್ಲಿ ಒಂದು ಎಚ್ಚರ ಬೇಕು. ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ಬಂದ ತಿದ್ದುಪಡಿ ತೀವ್ರ ವೈಕಲ್ಯವಿರುವ ಮಗುವಿಗೆ ಮನೆಯಲ್ಲೇ ಕಲಿಯುವ ಆಯ್ಕೆ ಕೊಟ್ಟಿತು. ಆಯ್ಕೆ ಎಂದದ್ದು ಮಗುವಿಗೆ. ರ‍್ಯಾಂಪಿಲ್ಲ, ಆಯಾ ಇಲ್ಲ, ಹಾಗಾಗಿ ‘ಹೋಮ್ ಬೇಸ್ಡ್ ಹಾಕ್ಕೊಳ್ಳಿ’ ಎನ್ನುವುದು ಆಯ್ಕೆಯಲ್ಲ. ವಾರಕ್ಕೊಮ್ಮೆ ಬರುವ ಶಿಕ್ಷಕರು ಗೆಳೆಯರನ್ನು ಕರೆತರುವುದಿಲ್ಲ. ಅದೇ ತಿದ್ದುಪಡಿ ಅಂಗವಿಕಲ ಮಕ್ಕಳನ್ನು ಅನುಕೂಲವಂಚಿತರ ಗುಂಪಿಗೆ ಸೇರಿಸಿ ಖಾಸಗಿ ಶಾಲೆಯ ಶೇ 25 ಸೀಟುಗಳ ದಾರಿ ತೆರೆದಿತ್ತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಆ ಹೊಣೆಯಿಲ್ಲ ಎಂದು ಕರ್ನಾಟಕ 2018ರ ಕೊನೆಗೆ ನಿಯಮ ತಿದ್ದಿತು. ಮರುವರ್ಷ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಗೊಟ್ಟಿಗೆರೆಯಂಥಲ್ಲಿ ಆ ದಾರಿ ಬಹುತೇಕ ಮುಚ್ಚಿದಂತೆ. ಸರ್ಕಾರಿ ಶಾಲೆ ಹತ್ತಿರ ಇದೆಯೇ ಎಂದು ನಿಯಮ ಕೇಳಿತು. ಅದರ ಶೌಚಾಲಯಕ್ಕೆ ಗಾಲಿಕುರ್ಚಿ ಹೋಗುತ್ತದೆಯೇ ಎಂದು ಕೇಳಲಿಲ್ಲ.

ಪತ್ರಕ್ಕೆ ಉತ್ತರ ಬರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಅವರ ಮೇಲೆ ಉಪನಿರ್ದೇಶಕರು. ಖಾಸಗಿ ಶಾಲೆಯ ಮಾನ್ಯತೆ ನವೀಕರಣದ ಫೈಲು ಇವರ ಮೇಜಿಗೇ ಬರುವುದರಿಂದ ಅವರ ಒಂದು ನೋಟಿಸಿಗೆ ತೂಕವಿದೆ. ಸಿಬಿಎಸ್‌ಇ ಶಾಲೆಯಾದರೆ ಮಂಡಳಿಯ 2018ರ ಸಂಯೋಜನಾ ನಿಯಮದಲ್ಲೇ ರ‍್ಯಾಂಪು, ಗಾಲಿಕುರ್ಚಿಯ ಶೌಚಾಲಯ ಎರಡೂ ಬರೆದಿವೆ. ಇದಕ್ಕೂ ಆಗದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು. ವಿಚಾರಣೆಯಲ್ಲಿ ಅವರಿಗೆ ಸಿವಿಲ್ ಕೋರ್ಟಿನ ಕೆಲವು ಅಧಿಕಾರಗಳಿವೆ. ಅವರು ಕೊಡುವುದು ಶಿಫಾರಸು, ನಿಜ. ಆದರೆ ಅದನ್ನು ಒಪ್ಪದಿದ್ದರೆ ಮೂರು ತಿಂಗಳೊಳಗೆ ಕಾರಣ ಹೇಳಬೇಕಾಗುತ್ತದೆ. ಕಾಯಿದೆ ಮುರಿದವರಿಗೆ ಮೊದಲ ಬಾರಿ ಹತ್ತು ಸಾವಿರದವರೆಗೆ, ಆಮೇಲೂ ಮುರಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡವಿದೆ. ಶಿಕ್ಷಣ ಹಕ್ಕಿನ ಮೇಲೆ ಕಣ್ಣಿಡುವುದು ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಕೆಲಸವೂ ಹೌದು. ವಕೀಲರು ಬೇಕಾದರೆ ಮಕ್ಕಳಿಗೂ ಅಂಗವಿಕಲರಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯೇ ಹೇಳುತ್ತದೆ. ಇಷ್ಟು ಬಾಗಿಲುಗಳಿದ್ದರೂ ತಟ್ಟುವವರು ಕಡಿಮೆ. ಕಾರಣ ಸರಳ: ನಾಳೆ ಮಗುವನ್ನು ಅದೇ ಶಾಲೆಯಲ್ಲಿ, ಅದೇ ಮಿಸ್ ಕೈಯಲ್ಲಿ ಬಿಟ್ಟು ಬರಬೇಕು. ಹಾಗಾಗಿ ಒಬ್ಬರೇ ಹೋಗುವುದಕ್ಕಿಂತ ಅದೇ ಬಡಾವಣೆಯ ಮೂರು ನಾಲ್ಕು ಪೋಷಕರು ಒಟ್ಟಾಗಿ ಬಿಇಒ ಕಚೇರಿಗೆ ಹೋದರೆ ಒಬ್ಬರ ಮಗುವಿನ ಮೇಲೆ ಕಣ್ಣು ಬೀಳುವುದಿಲ್ಲ.

ಕಟ್ಟಡದ ಮಾತಿಗೆ ಬಂದರೆ, ಬೆಂಗಳೂರಿನ 2003ರ ಕಟ್ಟಡ ಉಪವಿಧಿಗಳಲ್ಲೇ ಅಂಗವಿಕಲರ ಅನುಕೂಲದ ಅಂಶವಿತ್ತು. 2016ರ ಕಾಯಿದೆ ಹಳೆಯ ಸಾರ್ವಜನಿಕ ಕಟ್ಟಡಗಳಿಗೆ ಐದು ವರ್ಷದ ಗಡುವು ಕೊಟ್ಟಿತು; ಶಾಲೆ ಖಾಸಗಿಯಾದರೂ ಆ ಲೆಕ್ಕದಲ್ಲಿ ಸಾರ್ವಜನಿಕ ಕಟ್ಟಡವೇ. ಗಡುವು 2022ರ ಜೂನ್‌ಗೆ ಮುಗಿಯಿತು, ಶಾಲೆಗಳು ಹಾಗೆಯೇ ಇವೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಒಂದು ಮೂಲ ಕಾರಣ ತೋರಿಸಿತು. ಕಾಯಿದೆ ಕಡ್ಡಾಯ ಎಂದಿದ್ದನ್ನು ನಿಯಮಗಳು ಬರೀ ಸಲಹೆಯ ಮಟ್ಟಕ್ಕೆ ಇಳಿಸಿದ್ದವು. ಆ ನಿಯಮಗಳಲ್ಲಿ 15ನೆಯದು ಕಾಯಿದೆಗೆ ವಿರುದ್ಧ ಎಂದ ಕೋರ್ಟು, ಇಷ್ಟಾದರೂ ಆಗಲೇಬೇಕು ಎಂಬ ಕನಿಷ್ಠ ಮಟ್ಟವನ್ನು ಬೇರೆ ಮಾಡಿ ಕಡ್ಡಾಯ ನಿಯಮ ಮಾಡುವಂತೆ ಕೇಂದ್ರಕ್ಕೆ ಮೂರು ತಿಂಗಳು ಕೊಟ್ಟಿತು. ಎಲ್ಲರಿಗೂ ಅನ್ವಯವಾಗುವ ಸುಗಮ್ಯತೆ ಬೇರೆ, ಒಂದು ಮಗುವಿಗಾಗಿ ಮಾಡುವ ಹೊಂದಾಣಿಕೆ ಬೇರೆ, ಒಂದು ಇನ್ನೊಂದಕ್ಕೆ ಬದಲಿಯಲ್ಲ ಎಂಬುದನ್ನೂ ಆ ತೀರ್ಪು ಸ್ಪಷ್ಟಪಡಿಸಿದೆ. ರ‍್ಯಾಂಪ್ ಕಟ್ಟಿದ ಶಾಲೆ ಆಯಾ ಕೊಡಲ್ಲ ಎನ್ನುವಂತಿಲ್ಲ. ಆಯಾ ಇದ್ದಾಳೆಂದು ರ‍್ಯಾಂಪ್ ಬಿಡುವಂತೆಯೂ ಇಲ್ಲ.

ಶಾಲೆಗೆ ಹೋಗುವ ದಾರಿಯ ಬಗ್ಗೆ ಹೆಚ್ಚು ಹೇಳಲಾರೆ. ಬನ್ನೇರುಘಟ್ಟ ರಸ್ತೆಯ ಫುಟ್‌ಪಾತು ನೋಡಿದವರಿಗೆ ಹೇಳಬೇಕಾದ್ದೂ ಇಲ್ಲ. ಕಾಳೇನ ಅಗ್ರಹಾರದ ಮೆಟ್ರೊ ನಿಲ್ದಾಣಕ್ಕೆ ಲಿಫ್ಟ್ ಇರುತ್ತದೆ, ಆ ಲಿಫ್ಟಿನವರೆಗೆ ಗಾಲಿಕುರ್ಚಿ ತಳ್ಳಿಕೊಂಡು ಬರುವ ರಸ್ತೆ ಬೇರೆಯವರ ಇಲಾಖೆ.

ಪರೀಕ್ಷೆಯಲ್ಲಿ ಮಾತ್ರ ವ್ಯವಸ್ಥೆ ಸ್ವಲ್ಪ ಗಟ್ಟಿಯಾಗಿದೆ. ಕೇಂದ್ರದ 2018ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಹೇಳಿತು. ಎರಡೂ ಕೈ ತೊಂದರೆಯಿರುವವರಿಗೆ, ಸೆರೆಬ್ರಲ್ ಪಾಲ್ಸಿ ಇರುವವರಿಗೆ ಕೇಳಿದರೆ ಬರಹಗಾರರನ್ನು ಕೊಡಬೇಕು ಎಂದಿತು. ಮಂಡಳಿಗಳು ತಮ್ಮ ತಮ್ಮ ಸುತ್ತೋಲೆ ಹೊರಡಿಸುತ್ತವೆ, ಅರ್ಜಿ ಹೋಗಬೇಕಾದದ್ದು ನೋಂದಣಿಯ ಸಮಯದಲ್ಲಿ, ಶಾಲೆಯ ಮೂಲಕ. ಎಸ್ಸೆಸ್ಸೆಲ್ಸಿಯಲ್ಲಿ ಸಿಗುವ ಇದನ್ನು ಒಂಬತ್ತನೇ ತರಗತಿಯ ಕಿರುಪರೀಕ್ಷೆಯಲ್ಲೂ ಕೇಳಿ ಪಡೆಯಬೇಕು. ಬರಹಗಾರರಿಗೆ ಹೇಳಿ ಬರೆಸುವುದು ಒಂದು ವಿದ್ಯೆ. ಅದನ್ನು ಪಬ್ಲಿಕ್ ಪರೀಕ್ಷೆಯ ದಿನ ಮೊದಲ ಸಲ ಕಲಿಯಲಾಗದು.

ಹತ್ತನೇ ತರಗತಿಯಾದ ಮೇಲೆ ಹೆಚ್ಚಿನವರಿಗೆ ಶಾಲೆ ಬದಲಾಗುತ್ತದೆ, ಸೀಲು ಹಾಕಿಸಿದ ಪತ್ರಗಳ ಫೈಲು ಹಳೇ ಶಾಲೆಯಲ್ಲೇ ಉಳಿಯುತ್ತದೆ. ನಗರದ ಎಷ್ಟೋ ಪಿಯು ಕಾಲೇಜುಗಳು ಅಂಗಡಿ ಮಳಿಗೆಗಳ ಮೇಲೆ, ಎರಡನೇ ಮೂರನೇ ಮಹಡಿಯಲ್ಲಿ ನಡೆಯುತ್ತಿವೆ. ಉಚಿತ ಶಿಕ್ಷಣದ ಹಕ್ಕು ಹದಿನೆಂಟರವರೆಗೆ ಇರುವುದರಿಂದ ಪಿಯುಸಿಯ ಎರಡೂ ವರ್ಷ ಅದರೊಳಗೇ ಬರುತ್ತವೆ. ಫಲಿತಾಂಶಕ್ಕೆ ಕಾಯದೆ ಜನವರಿ, ಫೆಬ್ರುವರಿಯಲ್ಲೇ ಕಾಲೇಜುಗಳಿಗೆ ಹೋಗಿ ಕೆಮಿಸ್ಟ್ರಿ ಲ್ಯಾಬ್ ಯಾವ ಮಹಡಿ, ಲಿಫ್ಟ್ ಕೆಲಸ ಮಾಡುತ್ತದೆಯೇ, ಶೌಚಾಲಯದ ಬಾಗಿಲು ಎಷ್ಟು ಅಗಲ ಎಂದು ಅಳತೆಪಟ್ಟಿ ಹಿಡಿದು ನೋಡಿ ಬರಬೇಕು. ಹಳೇ ಶಾಲೆಯ ಟಿಸಿ ತೆಗೆದುಕೊಳ್ಳುವ ದಿನ, ಆ ಫೈಲಿನ ನಕಲನ್ನೂ ಕೇಳಿ ತೆಗೆದುಕೊಳ್ಳಬೇಕು.